ಅಡೆಲ್ಮಾ ಕೆಲಸಕ್ಕೆ ಇಟ್ಟುಕೊಂಡವರು

ಅಡೆಲ್ಮಾ ಗರೈಸ್ ಜೇನು ಸಾಕುತ್ತಾಳೆ ಅಂದರೆ ಅರ್ಧ ಮಾತು ಹೇಳಿದಂತೆ. ನಮ್ಮ ಸಾಂತಾ ಎಲೊಯಿಸಾದಲ್ಲಿ ಜೇನು ಸಾಕದವರು ಯಾರು? ಊರ ಸುತ್ತ ಕಿತ್ತಳೆ ತೋಟ, ಅದರಾಚೆ ನೀಲಗಿರಿ ತೋಪು, ಇನ್ನೂ ಆಚೆ ಉರುಗ್ವಾಯ್ ನದಿ. ಪಾದ್ರಿಯ ಹಿತ್ತಲಲ್ಲೂ ಜೇನುಪೆಟ್ಟಿಗೆಗಳಿವೆ. ಅಡೆಲ್ಮಾ ಸಾಕುವುದು ರಾಣಿ ನೊಣಗಳನ್ನು. ಸಿಡುಕು ನೊಣಗಳ ಪೆಟ್ಟಿಗೆಯಿಂದ ಹಳೇ ರಾಣಿಯನ್ನು ತೆಗೆದು ಅವಳ ರಾಣಿಯನ್ನು ಇಳಿಸಿದರೆ, ಕಿತ್ತಳೆ ಹೂವು ಮುಗಿಯುವಷ್ಟರಲ್ಲಿ ಆ ಪೆಟ್ಟಿಗೆಯ ಗುಣವೇ ಬೇರೆ. ಮುಖಕ್ಕೆ ಬಲೆ ಇಲ್ಲದೆ ಮುಚ್ಚಳ ತೆಗೆಯಬಹುದು. ಅದಕ್ಕಿಂತ ದೊಡ್ಡ ಗುಣ ಇನ್ನೊಂದು: ನುಸಿ ಹತ್ತಿದ ಮರಿಯನ್ನು ಅವಳ ನೊಣಗಳು ತಾವೇ ಮೂಸಿ ಗುರುತಿಸಿ, ಎಳೆದು ಹೊರಗೆ ಹಾಕುತ್ತವೆ. ಔಷಧದ ಗೋಜೇ ಇಲ್ಲ.

ಆ ತಳಿ ಅವಳಿಗೆ ಯಾರೂ ಕೊಟ್ಟಿದ್ದಲ್ಲ. ಅವಳ ಗಂಡ ಸತ್ತ ವರ್ಷವೇ ಊರಿಗೆ ನುಸಿ ಬಿತ್ತು. ಚಳಿಗಾಲ ಕಳೆಯುವಷ್ಟರಲ್ಲಿ ಎಲ್ಲರ ಪೆಟ್ಟಿಗೆಗಳೂ ಬರಿದು. ಅವಳ ಹಿತ್ತಲ ಮೂಲೆಯಲ್ಲಿ, ಮುರಿದ ಕಾಲಿನ ಒಂದು ಪೆಟ್ಟಿಗೆ ಮಾತ್ರ ಗುಂಯ್ ಅನ್ನುತ್ತಿತ್ತು. ಅದರಿಂದ ಶುರು ಮಾಡಿದಳು. ವರ್ಷವರ್ಷವೂ ಆರಿಸಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಬೆಳೆಸಿ, ಹರೆಯ ಕಳೆದು ಕೂದಲು ನರೆಯುವ ತನಕ ಅದೇ ಕೆಲಸ. ಮಕ್ಕಳಿಲ್ಲ. ಮನೆಯಲ್ಲಿ ಅವಳು, ಮತ್ತು ಗಂಡನ ತಾಯಿ ಎಮ್ಮಾ ಅಜ್ಜಿ. ಬೇಲಿಯಾಚೆ ನಾನು, ಬಡಗಿ ತುಲಿಯೊ. ಅವಳ ಪೆಟ್ಟಿಗೆಗಳೆಲ್ಲ ನನ್ನ ಕೈಯವು, ಆದ್ದರಿಂದ ಆ ಮನೆಯ ಸುದ್ದಿಯೆಲ್ಲ ನನಗೆ ತಾನಾಗಿಯೇ ಬರುತ್ತದೆ.

ಅವಳಿಗಿದ್ದ ಕೊರತೆ ಒಂದೇ, ಕೈ. ರಾಣಿ ಎಬ್ಬಿಸುವುದು ಅಂದರೆ ಕಣ್ಣಿಗೆ ಕಾಣಿಸಿಯೂ ಕಾಣಿಸದ ಮರಿಹುಳವನ್ನು ಎರಿಯಿಂದ ಸಣ್ಣ ಕಡ್ಡಿಯ ತುದಿಯಲ್ಲಿ ಎತ್ತಿ, ಮೇಣದ ಬಟ್ಟಲಿಗೆ ಇಳಿಸುವುದು. ಹುಳಕ್ಕೆ ನೋವಾದರೆ ಅಲ್ಲಿಗೆ ಕೆಲಸ ಕೆಟ್ಟಿತು. ಅಡೆಲ್ಮಾಳ ಕಣ್ಣು ಮಂಜಾಗುತ್ತಿತ್ತು. ಊರ ಹುಡುಗರನ್ನು ಕರೆದರೆ ಒಂದು ದಿನ ಬರುತ್ತಿದ್ದರು. ಕೃಷಿ ಓದಿದ ನಮ್ಮವರಿಗೆ ನಗರದಲ್ಲಿ ತಂಪು ಕೋಣೆಯ ಕೆಲಸ ಬೇಕು. ಯಾರನ್ನು ತಪ್ಪು ಅನ್ನಲಿ?

ಆ ಹೊತ್ತಿಗೆ ದಾರಿ ತೋರಿಸಿದವಳು ನಿಲ್ದಾ ಒಸೂನಾ. ಸಿಸ್ಟರ್‌ಗಳ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಅಡೆಲ್ಮಾಳ ಮದುವೆಗೆ ಸಾಕ್ಷಿ ನಿಂತವಳು, ಗಂಡನ ಶವದ ಪಕ್ಕ ಅವಳ ಸೊಂಟ ಹಿಡಿದು ನಿಂತವಳು. ಓದಿ ಮುಂದೆ ಹೋಗಿ ನಗರದ ಒಂದು ಕೃಷಿ ಕಾಲೇಜಿನಲ್ಲಿ ಪ್ರೊಫೆಸರ್ ಆದಳು. ಆದರೂ ತಿಂಗಳಿಗೊಂದು ಭಾನುವಾರ ತಪ್ಪದೆ ಬರುತ್ತಿದ್ದಳು. ಇಬ್ಬರೂ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಒಂದೇ ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಹೀರುತ್ತಾ, ನಗುತ್ತಾ ಇದ್ದರೆ ನನ್ನ ಗರಗಸದ ಸದ್ದು ದಾಟಿ ಕೇಳುತ್ತಿತ್ತು.

"ನನ್ನ ಹತ್ರ ಒಬ್ಬ ಇದಾನೆ ಕಣೆ," ಅಂದಳು ನಿಲ್ದಾ ಒಂದು ಭಾನುವಾರ. "ಯೆಸಿದ್ ಅಂತ, ಕೊಲಂಬಿಯಾದವನು. ಓದೋಕೆ ಅರ್ಜೆಂಟೀನಾಗೆ ಬಂದ, ಓದು ಮುಗೀತು. ಇಲ್ಲೇ ಇರ್ಬೇಕು ಅಂತ ಆಸೆ. ಆದ್ರೆ ಕೆಲಸ ಕೊಡೋರಿಲ್ಲ. ಪಾಸ್‌ಪೋರ್ಟ್ ನೋಡಿದ ತಕ್ಷಣ ಮಾಲೀಕರು ಹಿಂದೆ ಸರೀತಾರೆ."

"ಯಾಕಂತೆ?"

"ವಲಸೆ ಕಚೇರಿಗೆ ಅಲೀಬೇಕು, ಸಾಲಲ್ಲಿ ನಿಲ್ಲಬೇಕು. ಇಷ್ಟೆಲ್ಲಾ ಮಾಡಿದ ಮೇಲೆ ಅವನು ಬಿಟ್ಟು ಹೋದ್ರೆ ಅನ್ನೋ ಭಯ."

"ನಮ್ಮೂರ ಹುಡುಗ್ರು ಮಧ್ಯಾಹ್ನದ ಊಟಕ್ಕೇ ಬಿಟ್ಟು ಹೋಗ್ತಾರೆ. ಕಳ್ಸು ಅವನನ್ನ," ಅಂದಳು ಅಡೆಲ್ಮಾ.

ಯೆಸಿದ್ ಬಂದ. ತೆಳ್ಳಗೆ, ಮಾತು ಕಮ್ಮಿ, ಕೆಲಸ ಜಾಸ್ತಿ. ಊರು ಸುಮ್ಮನಿರುತ್ತದೆಯೇ? ಜೇನು ಸಹಕಾರ ಸಂಘದ ಬಾಗಿಲಲ್ಲಿ ಅಡೆಲ್ಮಾಳನ್ನು ತಡೆದು ಒಬ್ಬ ಕೇಳಿಯೇಬಿಟ್ಟ: "ನಮ್ಮ ಮಕ್ಕಳು ಬೀದಿ ಅಳೀತಾ ಇದಾರೆ, ನೀನು ಹೊರಗಿನವರಿಗೆ ಅನ್ನ ಹಾಕ್ತೀಯ?"

"ನಿನ್ನ ಮಗನ್ನ ನಾಳೇನೇ ಕಳ್ಸು," ಅಂದಳು. "ಮೂಗಿನ ಮೇಲೆ ಒಂದು ಕುಟುಕಿದ್ರೆ 'ಅಮ್ಮಾ' ಅಂತ ಓಡಿ ಬರ್ತಾನೆ. ಬೆಣ್ಣೆ ರೆಡಿ ಇಟ್ಕೊಂಡಿರು, ಸವರೋಕೆ."

ಯೆಸಿದ್ ಕೆಲವು ವರ್ಷ ಇದ್ದ. ಒಂದು ಶರತ್ಕಾಲದಲ್ಲಿ, ಸ್ಪೇನ್‌ನಲ್ಲಿ ಜಾಗ ಸಿಕ್ಕಿದೆ ಅಂದ. ಹೋಗುವಾಗ ಬಾಗಿಲಲ್ಲಿ ನಿಂತು ಗಳಗಳ ಅತ್ತ. ಹುಡುಗಿ ಇರಬೇಕು ಅಲ್ಲಿ, ಅಂದುಕೊಂಡೆವು. ಅಡೆಲ್ಮಾಳಿಗೆ ಬೇಸರವಾಯಿತು, ಆದರೆ ಹೆಮ್ಮೆಯೂ ಇತ್ತು. "ನನ್ನ ಕೈಕೆಳಗೆ ಕಲಿತವನು ಸಮುದ್ರ ದಾಟಿದ" ಅನ್ನುತ್ತಿದ್ದಳು.

ಅವನು ಹೊರಡುವುದಕ್ಕೆ ಸ್ವಲ್ಪ ಮುಂಚೆ ರಾಜಧಾನಿಯಿಂದ ಒಬ್ಬ ಬಂದಿದ್ದ, ಯಾವುದೋ ಕಂಪನಿಯವನು, ತಳಿಯನ್ನು ಇಡಿಯಾಗಿ ಕೊಡು ಅಂತ. ಅಡೆಲ್ಮಾ ಅವನಿಗೆ ಕೂಖೆನ್ ಕೇಕು ತಿನ್ನಿಸಿ, ಮಾಟೆ ಕೊಟ್ಟು, ಆಗುವುದಿಲ್ಲ ಅಂದಳು. "ಈ ವರ್ಷ ಎಲ್ಲರಿಗೂ ಮಾರ್ತೀರಿ. ಮುಂದಿನ ವರ್ಷ, ಯಾರೂ ತಮ್ಮ ಮನೇಲಿ ರಾಣಿ ಎಬ್ಬಿಸ್ಕೊಳ್ಳೋ ಹಾಗಿಲ್ಲ, ನಮ್ಮ ಹತ್ರಾನೇ ಕೊಳ್ಳಿ ಅಂತೀರಿ. ನನ್ನ ನೊಣ ನೆರೆಹೊರೆಗೆ ಹೋಗ್ಲಿ, ಬೀಗ ಹಾಕೋರಿಗೆ ಬೇಡ." ಚಪ್ಪರದ ಕೆಳಗೆ ನಿಲ್ದಾ ಕೂತಿದ್ದಳು. ಅವನು ಹೋದ ಮೇಲೆ ಗೆಳತಿಯ ಕೈ ತಟ್ಟಿ, "ಸರಿಯಾಗಿ ಮಾಡಿದೆ" ಅಂದಳು. ನಾನೇ ಕಿವಿಯಾರೆ ಕೇಳಿದ್ದು.

ಯೆಸಿದ್ ಹೋದ ಮೇಲೆ ನಿಲ್ದಾ ಇನ್ನೊಬ್ಬರನ್ನು ಕಳಿಸುತ್ತೇನೆ ಅಂದಳು. ಹೆಸರು ಗೆರ್ದಾ. ಎಮ್ಮಾ ಅಜ್ಜಿಗೆ ಹಬ್ಬ. ನಮ್ಮ ಊರಿನವರ ಅಜ್ಜ ಮುತ್ತಜ್ಜರು ವೋಲ್ಗಾ ದಂಡೆಯ ಜರ್ಮನ್ ಹಳ್ಳಿಗಳಿಂದ ಬಂದವರು, ಮನೆಗೊಬ್ಬಳು ಗೆರ್ದಾ ಇದ್ದ ಕಾಲವೊಂದಿತ್ತು. "ಯಾರ ಮನೆ ಗೆರ್ದಾ? ಹೈನ್ಸೆಯವರ ಮೊಮ್ಮಗಳಾ?" ಅಂತ ಎರಡು ದಿನ ಕೇಳಿದ್ದೇ ಕೇಳಿದ್ದು. ಬಸ್ಸು ಬರುವ ದಿನ ಜಡೆ ಹೆಣೆಸಿಕೊಂಡು, ಒಳ್ಳೇ ಅಂಗಿ ತೊಟ್ಟು ಜಗುಲಿಯಲ್ಲಿ ಕೂತಳು.

ಬಸ್ಸಿಂದ ಇಳಿದವಳು ಹೈಟಿಯ ಹುಡುಗಿ, ಗೆರ್ದಾ ಫಿಲೊಜೆನ್. ಎತ್ತರದ ಕಪ್ಪು ಹುಡುಗಿ, ಹೆಗಲ ಮೇಲೆ ತನ್ನಷ್ಟೇ ಉದ್ದದ ಚೀಲ. ಆ ದ್ವೀಪದಲ್ಲೂ ಗೆರ್ದಾ ಅನ್ನುವ ಹೆಸರು ಮನೆಮನೆಯದಂತೆ, ನಮಗೇನು ಗೊತ್ತು? ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ಜರ್ಮನ್‌ನಲ್ಲಿ ಏನೋ ಕೇಳಿದಳು. ಹುಡುಗಿ ನಕ್ಕು ತಲೆಯಾಡಿಸಿದಳು. ಅಜ್ಜಿ ನನ್ನ ಕಡೆ ತಿರುಗಿ ನಿಟ್ಟುಸಿರುಬಿಟ್ಟಳು: "ನೋಡಿದ್ಯಾ ತುಲಿಯೊ, ಈಗಿನ ಗೆರ್ದಾಗಳಿಗೆ ಜರ್ಮನ್ನೂ ಬರಲ್ಲ."

ಕೊಲಂಬಿಯಾದವನಿಗೆ ಕಾಗದಪತ್ರ ಸಲೀಸಾಗಿತ್ತು, ಹೈಟಿಯವಳಿಗೆ ಹಾಗಲ್ಲ. ಅಡೆಲ್ಮಾ ತನ್ನ ಹೆಸರನ್ನು ಮಾಲೀಕಳೆಂದು ನೋಂದಾಯಿಸಿ, ಮತ್ತೆ ಮತ್ತೆ ನಗರಕ್ಕೆ ಹೋಗಬೇಕಾಯಿತು. ಒಂದು ಸಲ ನನ್ನ ಗಾಡಿಯಲ್ಲೇ ಹೋದೆವು. ಕಿಟಕಿಯಾಚೆಯ ಗುಮಾಸ್ತ ಒಳ್ಳೆಯವನೇ, ಹೇಳಬೇಕಾದ್ದನ್ನು ಹೇಳಿದ.

"ಯೋಚನೆ ಮಾಡಿ ತಾಯಿ. ನಾಳೆ ಹೆಚ್ಚುಕಮ್ಮಿ ಆದ್ರೆ ನಿಮ್ಮ ಹೆಸರು ಬರತ್ತೆ."

"ನನ್ನ ಹೆಸರು ಹಾಕೋಕೇ ಬಂದಿರೋದು ಕಣಪ್ಪ," ಅಂದಳು ಅಡೆಲ್ಮಾ.

ಆ ಹುಡುಗಿಯ ಬೆರಳು! ಮರಿಹುಳ ಎತ್ತುವಾಗ ಉಸಿರನ್ನೇ ನಿಲ್ಲಿಸುತ್ತಿದ್ದಳು, ಇಳಿಸಿದ ಮೇಲೆ ತನ್ನ ಭಾಷೆ ಕ್ರಿಯೋಲ್‌ನಲ್ಲಿ ಏನೋ ಗುನುಗುತ್ತಿದ್ದಳು. ಕೆಲಸ ಬಿಟ್ಟರೆ ಎಮ್ಮಾ ಅಜ್ಜಿಯ ಪಕ್ಕ. ಅಜ್ಜಿ ಜರ್ಮನ್‌ನಲ್ಲಿ ಹೇಳುವುದು, ಇವಳು ಕ್ರಿಯೋಲ್‌ನಲ್ಲಿ ಉತ್ತರಿಸುವುದು, ಇಬ್ಬರೂ ತೃಪ್ತಿಯಿಂದ ತಲೆಯಾಡಿಸುವುದು. ಒಂದೊಂದು ಭಾನುವಾರ ಅವಳು ಬಾಳೆಕಾಯಿ ಜಜ್ಜಿ ಕರಿಯುತ್ತಿದ್ದಳು. ಅಡೆಲ್ಮಾ ತಿಂದು ಬೆರಳು ಚೀಪಿ, "ಮಗಳೇ, ಇದನ್ನ ಕಲಿಸ್ಕೊಡದೆ ಊರಿಗೆ ಹೋಗೋ ಹಾಗಿಲ್ಲ ನೀನು" ಅನ್ನುತ್ತಿದ್ದಳು. 'ಮಗಳೇ' ಅನ್ನುವ ಮಾತು ಅವಳ ಬಾಯಲ್ಲಿ ಅದುವರೆಗೆ ನಾನು ಕೇಳಿರಲಿಲ್ಲ.

ಗೆರ್ದಾಳ ಪದವಿಯ ಕೊನೆಯ ಕೆಲಸವೊಂದು ಕಾಲೇಜಿನಲ್ಲಿ ಬಾಕಿ ಇತ್ತು. ಆಗಾಗ ನಗರಕ್ಕೆ ಹೋಗಿ ನಿಲ್ದಾಳನ್ನು ಕಂಡು ಬರುತ್ತಿದ್ದಳು. ಅದರಲ್ಲಿ ವಿಶೇಷವೇನೂ ನಮಗೆ ಕಾಣಲಿಲ್ಲ.

ಎರಡು ವಸಂತ ಕಳೆಯಿತು. ಕಿತ್ತಳೆ ಮೊಗ್ಗು ಬಿಡುವ ಹೊತ್ತಿಗೆ ನಗರದಲ್ಲಿ ಜೇನು ಸಾಕಣೆದಾರರ ಪ್ರದರ್ಶನ ನಡೆಯುತ್ತದೆ. ಆ ಸಲ ಮೂವರೂ ಹೋದೆವು, ಅಡೆಲ್ಮಾ, ಗೆರ್ದಾ, ನಾನು. ನಾನು ಹೋದದ್ದು ಹೊಸ ನಮೂನೆ ಪೆಟ್ಟಿಗೆ ನೋಡಲು. ದೊಡ್ಡ ಹಜಾರದ ನಡುವೆ ಒಂದು ಕಂಪನಿಯ ಮಳಿಗೆ, ಗೋಡೆ ತುಂಬ ಒಂದು ಚಿತ್ರ. ಎರಡು ಕಪ್ಪು ಕೈಗಳು ಮೇಣದ ಬಟ್ಟಲಿಗೆ ಮರಿ ಇಳಿಸುತ್ತಿವೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಸೆರೆನಾ: ಶಾಂತ ರಾಣಿ, ಔಷಧ ಬೇಡದ ರಾಣಿ.'

ನಾನು ಮೊದಲು ನೋಡಿದ್ದು ಕೈಯನ್ನಲ್ಲ, ಕೈಯ ಹಿಂದಿನ ಪೆಟ್ಟಿಗೆಯನ್ನು. ಪೆಟ್ಟಿಗೆಯ ಹಿಡಿಯನ್ನು ಅರ್ಧಚಂದ್ರದ ಹಾಗೆ ಕೊರೆಯುವವನು ಈ ಪ್ರಾಂತ್ಯದಲ್ಲಿ ನಾನೊಬ್ಬನೇ. ನಮ್ಮಪ್ಪ ಹಾಗೆ ಕೊರೆಯುತ್ತಿದ್ದ, ನಾನೂ ಕೊರೆಯುತ್ತೇನೆ. ಅದು ಅಡೆಲ್ಮಾಳ ಕೊಟ್ಟಿಗೆ. ಅವಳ ಕೊಟ್ಟಿಗೆಯ ನೀಲಿ ಗೋಡೆ.

"ಅಡೆಲ್ಮಾ," ಅಂದೆ.

ಅವಳೂ ನೋಡುತ್ತಿದ್ದಳು. ಮಳಿಗೆಯ ಮುಂದಿನ ವೇದಿಕೆಯ ಮೇಲೆ ನಿಲ್ದಾ ಮೈಕು ಹಿಡಿದು ನಿಂತಿದ್ದಳು. ವರ್ಷಗಳ ಸಂಶೋಧನೆ, ತನ್ನ ತಂಡ, ತನ್ನ ವಿದ್ಯಾರ್ಥಿಗಳು, ದೇಶಕ್ಕೆ ಕೊಡುಗೆ ಅಂತೆಲ್ಲ ಹೇಳಿದಳು. ಕಂಪನಿಯಲ್ಲಿ ಅವಳೂ ಪಾಲುದಾರಳು ಅನ್ನುವುದು ಪಕ್ಕದಲ್ಲಿ ನಿಂತವನ ಬಾಯಿಂದ ನಮಗೆ ತಿಳಿಯಿತು. ನಾನು ಗೆರ್ದಾಳ ಮುಖ ನೋಡಿದೆ. ಅವಳು ತನ್ನ ಎರಡೂ ಕೈಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡು ನಿಂತಿದ್ದಳು.

ನಿಲ್ದಾ ಮಾತಿನ ಮಧ್ಯೆ ನಮ್ಮನ್ನು ಕಂಡಳು. ಆಮೇಲೆ ಬೇರೆ ಕಡೆ ನೋಡುತ್ತಾ ಮಾತು ಮುಂದುವರಿಸಿದಳು.

ಊರಿಗೆ ವಾಪಸಾದೆವು. ಅಂಗಳದಲ್ಲಿ ಇಳಿದ ಮೇಲೆ ಅಡೆಲ್ಮಾ ಚಪ್ಪರದ ಕಂಬಕ್ಕೆ ಒರಗಿ ನಿಂತು ಕೇಳಿದಳು.

"ನೀನು ಒಯ್ದು ಕೊಟ್ಟೆಯಾ?"

"ಹೌದು."

"ರಾಣಿಗಳನ್ನಾ?"

"ರಾಣಿಗಳನ್ನ. ಮರಿ ಇರೋ ಎರಿಗಳನ್ನೂ." ಗೆರ್ದಾ ಅಳುತ್ತಿರಲಿಲ್ಲ, ದನಿ ಮಾತ್ರ ಒಣಗಿತ್ತು. "ಕಾಲೇಜಲ್ಲಿ ಪರೀಕ್ಷೆ ಮಾಡೋಕೆ ಅಂದ್ರು ಮೇಡಂ. ಆ ಚಿತ್ರಾನೂ ಅದಕ್ಕೇ ಅಂತ ತರಿಸ್ಕೊಂಡ್ರು. ಅಡೆಲ್ಮಾಗೆ ಗೊತ್ತು, ನಾನು ಹೇಳಿದೀನಿ ಅಂದ್ರು. ನೀವಿಬ್ಬರೂ ಒಂದೇ ಬುರುಡೇಲಿ ಮಾಟೆ ಕುಡಿಯೋರು. ನಾನು ನಡುವೆ ಬಂದು, ನಿಜಾನಾ ಅಂತ ಕೇಳಬೇಕಿತ್ತಾ ದೊಡ್ಡಮ್ಮ?"

ಅಡೆಲ್ಮಾಳ ಮುಖ ಸ್ವಲ್ಪ ಸಡಿಲವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಆದರೆ ಆ ಹುಡುಗಿ ನಿಲ್ಲಿಸಲಿಲ್ಲ.

"ಮೊದಲು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು. ಹೋದ ಚಳಿಗಾಲದಲ್ಲಿ ಮೇಡಂ, 'ಅಡೆಲ್ಮಾ ಮುಂದೆ ಈ ಮಾತು ಎತ್ತಬೇಡ, ಸುಮ್ನೆ ತಲೆಬಿಸಿ ಮಾಡ್ಕೋತಾಳೆ' ಅಂದ್ರು. ಅವತ್ತೇ ಅರ್ಥ ಆಯ್ತು. ಅದಾದ ಮೇಲೂ ಒಂದ್ಸಲ ಒಯ್ದೆ."

"ಯಾಕೆ?"

"ನನ್ನ ಪದವಿ ಅವರ ಕೈಲಿತ್ತು. ಪದವಿ ಇಲ್ದಿದ್ರೆ ನೀವು ಕೊಟ್ಟ ಕೆಲಸಾನೂ ಕಾಗದದಲ್ಲಿ ನಿಲ್ಲಲ್ಲ. ನಮ್ಮಮ್ಮ ನಮ್ಮೂರು ಜೆರೆಮಿಯಲ್ಲಿ ಮಗಳು ಇಂಜಿನಿಯರ್ ಆದ್ಲು ಅಂತ ಇಡೀ ಬೀದಿಗೆ ಹೇಳ್ಕೊಂಡು ಬಂದಿದಾರೆ."

"ನನಗೆ ಹೇಳಬಹುದಿತ್ತು."

"ಹೇಳಬಹುದಿತ್ತು."

ಅಡೆಲ್ಮಾ ಒಳಗೆ ಹೋದಳು. ಅವತ್ತು ಗೆರ್ದಾಳ ಊಟವನ್ನು ಎಮ್ಮಾ ಅಜ್ಜಿ ತಟ್ಟೆಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟಳು.

ಆ ವಾರವೇ ನಿಲ್ದಾಳ ಮನೆಗೆ ಹೋದೆವು. ನಾನು ಗಾಡಿಯಲ್ಲೇ ಇರುತ್ತೇನೆ ಅಂದೆ. ಅಡೆಲ್ಮಾ, "ಬಾ. ನಾಳೆ ನಾನು ಕೇಳಿದ್ದು ಸುಳ್ಳು ಅಂತ ನನಗೇ ಅನ್ನಿಸಬಾರದು" ಅಂದಳು. ಬಾಗಿಲು ತೆಗೆದ ನಿಲ್ದಾಳ ಕೈಯಲ್ಲಿ ಬಿಸಿನೀರಿನ ಕೆಟಲ್ ಇತ್ತು.

"ಬರ್ತೀಯ ಅಂತ ಗೊತ್ತಿತ್ತು. ಕೂತ್ಕೊ."

"ನಿಂತೇ ಕೇಳ್ತೀನಿ. ಯಾವಾಗಿಂದ?"

"ಕಂಪನಿಯವನನ್ನ ವಾಪಸ್ ಕಳಿಸಿದೆಯಲ್ಲ, ಆಗಿಂದ."

"ಸರಿಯಾಗಿ ಮಾಡಿದೆ ಅಂದಿದ್ದೆ ಅವತ್ತು."

"ನಿನ್ನ ಮುಂದೆ ಇನ್ನೇನು ಹೇಳೋಕಾಗತ್ತೆ? ನೀನು ಯಾರ ಮಾತು ಕೇಳಿದೀಯ ಇವತ್ತಿನವರೆಗೆ?" ನಿಲ್ದಾ ಕೆಟಲನ್ನು ಕೆಳಗಿಟ್ಟಳು. "ನಿನಗೆ ಮಕ್ಕಳಿಲ್ಲ. ನೀನು ಕಣ್ಮುಚ್ಚಿದ ಮಾರನೇ ವರ್ಷಾನೇ ಆ ತಳಿ ಕಾಡುನೊಣದ ಜೊತೆ ಬೆರೆತು ಹಾಳಾಗತ್ತೆ. ನಾನು ಉಳಿಸಿದೆ. ಅಷ್ಟಕ್ಕೂ ರೆಕ್ಕೆ ಇರೋದು ಯಾರ ಸ್ವತ್ತೇ?"

"ಹಾರಿಕೊಂಡು ಬಂದಿದ್ರೆ ನಿನ್ನದೇ ಅಂತಿದ್ದೆ. ನೀನು ಚೀಲದಲ್ಲಿ ತರಿಸ್ಕೊಂಡೆ."

"ಕೇಳಿದ್ರೆ ಕೊಡ್ತಿದ್ಯಾ?"

"ನಿನಗಾ? ಪೆಟ್ಟಿಗೆ ಸಮೇತ ಹೊತ್ತು ತಂದು ಇಲ್ಲಿ ಇಳಿಸ್ತಿದ್ದೆ."

ಅಡೆಲ್ಮಾ ಹೊರಡಬಹುದು ಅಂದುಕೊಂಡೆ. ಆದರೆ ಅವಳಿಗೆ ಇನ್ನೊಂದು ಕೇಳುವುದಿತ್ತು.

"ಯೆಸಿದ್?"

"ಯೆಸಿದ್ ಒಪ್ಪಲಿಲ್ಲ," ಅಂದಳು ನಿಲ್ದಾ. "ಹಟಮಾರಿ. ಸ್ಪೇನ್‌ನಲ್ಲಿ ಒಂದು ಜಾಗ ಹುಡುಕಿ ಕೊಟ್ಟೆ, ಬಾಯಿ ಮುಚ್ಕೊಂಡು ಹೋದ."

ಬಾಗಿಲಲ್ಲಿ ನಿಂತು ಅತ್ತ ಆ ಹುಡುಗ ಯಾಕೆ ಅತ್ತ ಅನ್ನುವುದು ಅಡೆಲ್ಮಾಳಿಗೆ ಆಗ ತಿಳಿಯಿತು. ಅವನಿಗೂ ಗೊತ್ತಿತ್ತು. ಅವನೂ ಹೇಳಲಿಲ್ಲ.

"ಅಂದ್ರೆ ನೀನು ಗೆರ್ದಾನ ಕಳಿಸಿದ್ದೇ ಇದಕ್ಕೆ."

"ಬರೀ ಇದಕ್ಕೇ ಅಲ್ಲ. ಆ ಮಕ್ಕಳಿಗೆ ಕೆಲಸ ಬೇಕಿತ್ತು, ನಿನಗೆ ಕೈ ಬೇಕಿತ್ತು. ನಿನಗೆ ಕೈ ಕೊಟ್ಟಿದ್ದು ನಾನಲ್ವಾ?"

"ಹೌದು ಕಣೆ," ಅಂದಳು ಅಡೆಲ್ಮಾ. "ಕೈ ಕೊಟ್ಟೆ."

ಗಾಡಿಯಲ್ಲಿ ಕೂತ ಮೇಲೆ ಅವಳು ಹೇಳಿದ್ದು ಇಷ್ಟು: "ನೊಣ ಹೋಗಿದ್ದಕ್ಕೆ ಇಷ್ಟು ಉರೀತಿಲ್ಲ ತುಲಿಯೊ. ನಮ್ಮೂರಲ್ಲಿ ಯಾರೂ ಮಾಡದ ಒಂದು ಒಳ್ಳೇ ಕೆಲಸ ನಾನು ಮಾಡ್ತಿದೀನಿ ಅನ್ಕೊಂಡಿದ್ದೆ. ಅದೂ ನಂದಲ್ಲ ಅಂತಾಯ್ತು."

ಸುದ್ದಿ ಊರಿಗೆ ಹಬ್ಬಿತು. ಸಂಘದ ಸಭೆ ಕರೆದರು. ಬಂದವರಲ್ಲಿ ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: ಹೊರಗಿನವರನ್ನು ಮನೆಯೊಳಗೆ ಬಿಟ್ಟುಕೊಂಡರೆ ಇನ್ನೇನಾಗುತ್ತದೆ. ಒಬ್ಬನಂತೂ, "ಹಾವಿಗೆ ಹಾಲೆರೆದೆ, ಅನುಭವಿಸು" ಅಂದ.

ಅಡೆಲ್ಮಾ ಎದ್ದು ನಿಂತಳು. "ಕದ್ದವಳು ಈ ಊರಲ್ಲಿ ಹುಟ್ಟಿದವಳು. ಇಲ್ಲಿನ ಚರ್ಚಿನಲ್ಲಿ ಸ್ನಾನದೀಕ್ಷೆ ಆದವಳು, ನನ್ನ ಬೆಂಚಿನಲ್ಲಿ ಕೂತವಳು. ಹಾವು ಅನ್ನೋದಾದ್ರೆ ಅದು ನಮ್ಮದೇ ಹುತ್ತದ್ದು."

ಆಗ ಗೆರ್ದಾ ಎದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ. ತಾನು ಏನು ಒಯ್ದೆ, ಯಾರು ಹೇಳಿ ಒಯ್ದೆ, ಯಾವಾಗ ತನಗೆ ಗೊತ್ತಾಯಿತು, ಗೊತ್ತಾದ ಮೇಲೂ ಯಾಕೆ ಒಯ್ದೆ, ಒಂದನ್ನೂ ಬಿಡದೆ ಹೇಳಿದಳು. ಸ್ಪ್ಯಾನಿಷ್ ತಡವರಿಸಿದಲ್ಲಿ ನಿಂತು, ಸರಿಯಾದ ಪದ ಹುಡುಕಿ, ಮತ್ತೆ ಹೇಳಿದಳು. ಕೊನೆಗೆ ಅಡೆಲ್ಮಾಳ ಕಡೆ ನೋಡಿದಳು. ಅಡೆಲ್ಮಾ ನೆಲ ನೋಡುತ್ತಿದ್ದಳು.

ಸಂಘದವರು ನಿಲ್ದಾಳನ್ನು ಕೇಳಿದರು. ಕೆಲಸದವಳಿಗೆ ಮಾಲೀಕಳ ಭಯ, ಹೇಳಿಕೊಟ್ಟಿದ್ದನ್ನು ಹೇಳಿದ್ದಾಳೆ ಅಂತ ಉತ್ತರ ಬಂತು. ಸಂಘ ವಿಷಾದ ವ್ಯಕ್ತಪಡಿಸಿ ಜೇನು ತುಂಬುವ ಡ್ರಮ್ಮುಗಳ ಬಾಡಿಗೆಯ ವಿಷಯಕ್ಕೆ ಹೋಯಿತು. ಪದಾಧಿಕಾರಿಗಳಲ್ಲಿ ಕೆಲವರು ಆಗಲೇ 'ಸೆರೆನಾ' ತರಿಸಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಅದರಲ್ಲೊಬ್ಬ ಅಡೆಲ್ಮಾಳ ಗಂಡನ ಚಿಕ್ಕಪ್ಪನ ಮಗ.

ಆ ವರ್ಷ ಅವಳ ಗಿರಾಕಿಗಳು ಕರಗಿದರು. ಕಂಪನಿಯ ರಾಣಿ ಮುದ್ದಾದ ಪಂಜರದಲ್ಲಿ ಪ್ರಮಾಣಪತ್ರದ ಸಮೇತ ಬರುತ್ತಿತ್ತು. ಅಡೆಲ್ಮಾ ವಕೀಲರ ಬಳಿಗೆ ಹೋದಳು. ಆತ ಕನಿಕರದಿಂದ ಕೇಳಿ, ನೊಣಕ್ಕೆ ಹೆಸರು ಬರೆದು ಮುದ್ರೆ ಒತ್ತಿಸದವರಿಗೆ ಕಾನೂನಿನಲ್ಲಿ ಹೆಚ್ಚೇನೂ ಮಾಡಲು ಬರುವುದಿಲ್ಲ ಅಂದ. ಒಂದು ವಾರ ಕಳೆಯಿತು. ಆಮೇಲೆ ಊರ ರೇಡಿಯೊಗೆ ಹೋಗಿ ಹೇಳಿಬಿಟ್ಟಳು: ಈ ವಸಂತದಲ್ಲಿ ಯಾರಿಗೆ ನನ್ನ ರಾಣಿ ಬೇಕೋ ಪಂಜರ ತಂದು ಒಯ್ಯಿರಿ, ಪುಕ್ಕಟೆ. ಮರಿ ಇರುವ ಎರಿ ಬೇಕಾದರೂ ಒಯ್ಯಿರಿ. ರಾಣಿ ಎಬ್ಬಿಸುವುದು ಹೇಗೆ ಅಂತ ಕಲಿಯಬೇಕಾದರೆ ಶನಿವಾರ ಬನ್ನಿ, ಕಲಿಸುತ್ತೇನೆ.

"ತಲೆ ಕೆಟ್ಟಿದೆಯಾ ನಿನಗೆ?" ಅಂತ ಬೇಲಿಯಾಚೆಯಿಂದ ಕೂಗಿದೆ.

"ಅವಳು ಬೀಗ ಹಾಕೋಕೆ ಮುಂಚೆ ನಾನು ಬಾಗಿಲೇ ಕಿತ್ತು ಹಾಕ್ತೀನಿ," ಅಂದಳು.

ಬಂದರು ನೋಡಿ ಜನ! ನದಿಯಾಚೆಯ ದೇಶದಿಂದಲೂ ಬಂದರು. ಬೇಲಿಯುದ್ದಕ್ಕೂ ಗಾಡಿಗಳ ಸಾಲು. ಸಭೆಯಲ್ಲಿ ಹಾವಿನ ಮಾತಾಡಿದವನೂ ಪಂಜರ ಹಿಡಿದು ಬಂದ, ಅವನಿಗೂ ಕೊಟ್ಟಳು. ಕೊಟ್ಟಿಗೆಯಲ್ಲಿ ಗೆರ್ದಾ ಬೆಳಗಿನಿಂದ ಸಂಜೆಯವರೆಗೆ ಮರಿ ಎತ್ತುತ್ತಿದ್ದಳು, ಕಲಿಯಲು ಬಂದವರಿಗೆ ತೋರಿಸುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. 'ಕಡ್ಡಿ ಕೊಡು', 'ದೀಪ ಸರಿಸು', ಇದರಾಚೆ ಮಾತಿಲ್ಲ. 'ಮಗಳೇ' ಅನ್ನುವ ಪದ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಕಂಪನಿಯ ವ್ಯಾಪಾರ ಕುಸಿಯಿತು, ಮುಂದಿನ ವರ್ಷ ಅವರ ಏಜೆಂಟ್ ಅಂಗಡಿ ಮುಚ್ಚಿ ಹೋದ. ಬೇರೆ ಪ್ರಾಂತ್ಯಗಳಲ್ಲಿ ಇವತ್ತಿಗೂ ಮಾರುತ್ತಾರೆ, ಅದೇ ಹೆಸರು, ಅದೇ ಚಿತ್ರ. ನಿಲ್ದಾಳಿಗೆ ಬಡ್ತಿಯಾಯಿತು.

ಇಷ್ಟೆಲ್ಲದರ ನಡುವೆ ಅಡೆಲ್ಮಾ ವಲಸೆ ಕಚೇರಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. "ಯಾಕೆ ಇನ್ನೂ ಓಡಾಡ್ತೀಯ ಅವಳಿಗೋಸ್ಕರ?" ಅಂತ ಕೇಳಿದೆ. "ಆ ಕಿಟಕೀಲಿ ನನ್ನ ಹೆಸರು ಕೊಟ್ಟು ಬಂದಿದೀನಿ," ಅಂದಳು. "ಅವಳಿಗಲ್ಲ, ಹೆಸರಿಗೆ ಓಡಾಡ್ತಿರೋದು." ಗೆರ್ದಾಳ ಪದವಿಯನ್ನು ನಿಲ್ದಾ ಒಂದಷ್ಟು ದಿನ ಎಳೆದಾಡಿದಳು. ಇನ್ನೊಬ್ಬ ಮೇಷ್ಟ್ರು ಮಧ್ಯೆ ಬಂದು ಬಿಡಿಸಿದರು. ಇಲ್ಲೇ ನೆಲೆಸುವ ಪರವಾನಗಿ ಬಂತು. ಬಂದ ತಿಂಗಳೇ ಮಿಸಿಯೊನೆಸ್ ಪ್ರಾಂತ್ಯದ ಒಬ್ಬ ಜೇನು ವ್ಯಾಪಾರಿ ಗೆರ್ದಾಳನ್ನು ಕೆಲಸಕ್ಕೆ ಕರೆದ.

ಹೊರಡುವ ದಿನ ಎಮ್ಮಾ ಅಜ್ಜಿ ಅವಳ ಕೈ ಹಿಡಿದು ಬಿಡಲೇ ಇಲ್ಲ, ಜರ್ಮನ್‌ನಲ್ಲಿ ಏನೇನೋ ಹೇಳಿದಳು. ಬಸ್ ನಿಲ್ದಾಣಕ್ಕೆ ಅಡೆಲ್ಮಾಳೇ ಕರೆದುಕೊಂಡು ಹೋದಳು, ಚೀಲ ಎತ್ತಿಕೊಡಲು ನಾನೂ ಹೋಗಿದ್ದೆ.

"ನಿಮಗೆ ನನ್ನ ಮೇಲೆ ಇನ್ನೂ ಕೋಪ ಇದೆಯಾ ದೊಡ್ಡಮ್ಮ?" ಅಂತ ಕೇಳಿದಳು ಹುಡುಗಿ.

"ಕೋಪ ಹೋಯ್ತು," ಅಂದಳು ಅಡೆಲ್ಮಾ. "ಅದು ಹೋದ ಜಾಗಕ್ಕೆ ಬೇರೇನೂ ಬರಲಿಲ್ಲ."

ಗೆರ್ದಾ ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟಳು. ಅಡೆಲ್ಮಾ ತಪ್ಪಿಸಿಕೊಳ್ಳಲಿಲ್ಲ, ತಿರುಗಿ ಮುತ್ತಿಡಲೂ ಇಲ್ಲ.

ನಿಲ್ದಾಳ ತಾಯಿ ಹೋದ ವರ್ಷ ತೀರಿಕೊಂಡರು. ಅಡೆಲ್ಮಾ ಕಪ್ಪು ಉಡುಪು ತೊಟ್ಟು ಮಣ್ಣಿಗೆ ಬಂದಳು. ಮುದುಕಿಯ ಹಣೆ ಮುಟ್ಟಿದಳು, ನಿಲ್ದಾಳ ಅಣ್ಣಂದಿರನ್ನು ಒಬ್ಬೊಬ್ಬರಾಗಿ ಅಪ್ಪಿದಳು, ನಿಲ್ದಾ ಎರಡು ಹೆಜ್ಜೆ ಮುಂದೆ ಬಂದಾಗ ಪಕ್ಕದಿಂದ ಹಾದು ಹೊರಗೆ ಹೋದಳು. ನಿಲ್ದಾ ಚಾಚಿದ ಕೈಯನ್ನು ನಿಧಾನಕ್ಕೆ ಇಳಿಸಿದ್ದನ್ನು ಇಡೀ ಊರು ನೋಡಿತು.

ಈಗ ಅವಳ ಬಳಿ ಪೆರುವಿನ ಹುಡುಗನೊಬ್ಬ ಕೆಲಸಕ್ಕಿದ್ದಾನೆ, ಓದು ಮುಗಿಸಿದವನು. ಪತ್ರಿಕೆಯಲ್ಲಿ ತಾನೇ ಜಾಹೀರಾತು ಹಾಕಿ, ತಾನೇ ಮಾತಾಡಿಸಿ ತೆಗೆದುಕೊಂಡಳು. ಸಂಬಳ, ರಜೆ, ಕಾಗದ, ಎಲ್ಲ ಕಟ್ಟುನಿಟ್ಟು. ಅವನೂ ಒಳ್ಳೆಯವನು. ಎಲ್ಲಿ ಹುಟ್ಟಿದೆ, ತಾಯಿ ಏನು ಮಾಡುತ್ತಾಳೆ ಅಂತ ಅವಳು ಅವನನ್ನು ಒಂದು ದಿನವೂ ಕೇಳಿದ್ದು ನನಗೆ ಕೇಳಿಸಿಲ್ಲ.

ಮೊನ್ನೆ ನಾನು ಅವಳ ಮನೆಯ ಬಾಗಿಲು ಸರಿಮಾಡುತ್ತಿದ್ದಾಗ ಮಿಸಿಯೊನೆಸ್‌ನಿಂದ ಫೋನ್ ಬಂತು. ಗೆರ್ದಾ ಈಗ ಅಲ್ಲಿನ ಜೇನು ಸಾಕಣೆಯ ಮೇಲ್ವಿಚಾರಕಿ, ಅವಳೇ ಆಳು ಆರಿಸಬೇಕು. ಹೈಟಿಯ ವಿದ್ಯಾರ್ಥಿನಿಯೊಬ್ಬಳು ಕೆಲಸ ಕೇಳಿ ಬಂದಿದ್ದಾಳಂತೆ. ಅಡೆಲ್ಮಾಳ ಕೈಗೆ ಮೇಣ ಮೆತ್ತಿತ್ತು, ಆದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಮಾತಾಡಿದಳು.

"ಏನು ಮಾಡ್ಲಿ ದೊಡ್ಡಮ್ಮ? ತಗೊಳ್ಳಲಾ?" ಅಂತ ಕೇಳಿತು ಆ ದನಿ.

"ತಗೊ. ಅವಳು ಈ ದೇಶದಲ್ಲಿ ಉಳಿಯೋದು ನಿನ್ನ ಬಿಟ್ಟು ಬೇರೆ ಯಾರ ಕೈಲಿದೆ ಅಂತ ಮೊದಲು ಕೇಳು. ನಿನ್ನ ಹತ್ರ ಸುಳ್ಳು ಹೇಳಬೇಕಾದ ಪರಿಸ್ಥಿತಿ ಅವಳಿಗೆ ಬರದ ಹಾಗೆ ನೋಡ್ಕೊ."

"ಸರಿ ದೊಡ್ಡಮ್ಮ. ನೀವು ಹೇಗಿದೀರಿ?"

"ನೊಣ ಚೆನ್ನಾಗಿವೆ," ಅಂತ ಹೇಳಿ, ಮೊಣಕೈಯಿಂದ ಒತ್ತಿ ಫೋನ್ ಇಟ್ಟಳು.

ನಾನು ಉಳಿ ಕೆಳಗಿಟ್ಟು, "ಒಳ್ಳೇ ಮಾತು ಹೇಳಿದೆ" ಅಂದೆ.

"ಹೇಳೋಕೆ ಬರತ್ತೆ ತುಲಿಯೊ," ಅಂದಳು ಅಡೆಲ್ಮಾ, ಮೇಣದ ಕೈ ಒರೆಸಿಕೊಳ್ಳುತ್ತಾ. "ನಂಬೋಕೆ ಬರ್ತಿಲ್ಲ ಈಗ." ಆಮೇಲೆ ಹೊಗೆಡಬ್ಬಿ ಹಚ್ಚಿಕೊಂಡು ಹಿತ್ತಲ ಕಡೆ ನಡೆದಳು.